ಏಳನೆಯ ಇನ್ನಿಂಗ್ಸಿನ ಒಂದು ಹೊಡೆತ

ಟ್ಯಾನರ್ಸ್ ಗ್ಯಾಪ್, ಪೆನ್ಸಿಲ್ವೇನಿಯಾ
12 ಮಾರ್ಚ್ 1934

ಶ್ರೀ ಥ್ಯಾಡಿಯಸ್ ಕ್ಲೈನ್ ಅವರಿಗೆ,
‘ಗ್ಯಾಪ್ ಸೆಂಟಿನೆಲ್’ ಪತ್ರಿಕೆ

ಮಾನ್ಯರೇ,

ಕಳೆದ ಶನಿವಾರದ ಸಂಚಿಕೆಯಲ್ಲಿ ನಮ್ಮೂರಿನ ಎಡಗೈ ಬೇಸ್‌ಬಾಲ್ ಎಸೆತಗಾರನ ಆಟದ ಬದುಕನ್ನು ಕುರಿತು ನೀವು ಬರೆದ ಲೇಖನದಲ್ಲಿ ನಾಲ್ಕು ತಪ್ಪುಗಳಿವೆ. ಮೂರು ಸಣ್ಣವು. ಸಣ್ಣವೆಂದು ಬಿಟ್ಟುಬಿಡುವ ಅಭ್ಯಾಸ ನನಗಿಲ್ಲವಾದ್ದರಿಂದ ಅವುಗಳಿಂದಲೇ ಆರಂಭಿಸುತ್ತೇನೆ.

ಆತನ ಹೆಸರು ಇಮ್ರಿಕ್ ವಾಸ್ಕೊ, ಎಮರಿ ಅಲ್ಲ. ಬೇರೆ ಊರುಗಳ ಪ್ರೇಕ್ಷಕರು ನಾಲಿಗೆಗೆ ಸುಲಭವೆಂದು ಎಮರಿ ಎಂದು ಕೂಗಿರಬಹುದು. ತಾಯಿ ಸ್ಲೋವಾಕ್ ನಾಡಿನಿಂದ ಕಡಲು ದಾಟಿಸಿ ತಂದ ಹೆಸರನ್ನು ಅವನ ಊರಿನ ಪತ್ರಿಕೆಯೇ ಕಳೆಯಬಾರದು. ಎರಡನೆಯದಾಗಿ, ಅವನು ದೊಡ್ಡ ಲೀಗಿನಲ್ಲಿ ಆಡಿದ್ದು ಹನ್ನೊಂದು ವರ್ಷ, ಹದಿಮೂರಲ್ಲ. ಮೂರನೆಯದಾಗಿ, ಅವನನ್ನು ಆ ಲೀಗಿಗೆ ಕಳಿಸಿದ ಪಂದ್ಯ ನಡೆದದ್ದು 1909ರ ಆಗಸ್ಟ್ ಹದಿನಾಲ್ಕರಂದು. ನೀವು ಹದಿನೈದು ಎಂದಿದ್ದೀರಿ. ಹದಿನೈದು ಭಾನುವಾರ; ಭಾನುವಾರ ಚೆಂಡಾಡುವುದು ಆಗ ಈ ರಾಜ್ಯದಲ್ಲಿ ಅಪರಾಧವಾಗಿತ್ತು. ಒಂದು ಅಂಕೆಯಿಂದ ನೀವು ಒಂಬತ್ತು ಸಜ್ಜನರನ್ನು ಅಪರಾಧಿಗಳನ್ನಾಗಿ ಮಾಡಿದ್ದೀರಿ.

ನಾಲ್ಕನೆಯದು ಸಣ್ಣದಲ್ಲ. ಅಂದು ವಾಸ್ಕೊ ಎದುರಾಳಿಗಳಿಗೆ ಒಂದು ಹೊಡೆತವನ್ನೂ ಕೊಡಲಿಲ್ಲ ಎಂದು ಬರೆದಿದ್ದೀರಿ. ಒಂದನ್ನು ಕೊಟ್ಟಿದ್ದಾನೆ, ಏಳನೆಯ ಇನ್ನಿಂಗ್ಸಿನಲ್ಲಿ. ಅಂದಿನ ಸ್ಕೋರ್ ಪುಸ್ತಕವನ್ನು ಬರೆದವಳು ನಾನು; ಅದು ಈಗಲೂ ನನ್ನ ಮೇಜಿನ ಮೇಲಿದೆ. ದಾಂಡಿಗ ಸುರಕ್ಷಿತವಾಗಿ ಮೊದಲ ಬೇಸನ್ನು ಮುಟ್ಟಿದರೆ ಅದು ಅವನ ಹೊಡೆತದ ಬಲವೋ ಮೈದಾನದಲ್ಲಿದ್ದವನ ತಪ್ಪೋ ಎಂದು ತೀರ್ಮಾನಿಸುವುದು ಪುಸ್ತಕ ಬರೆಯುವವರ ಕೆಲಸ. ನಾನು ಹೊಡೆತವೆಂದು ಬರೆದೆ. ಅದು ಹೊಡೆತವಲ್ಲವೆಂದರೆ ಎರಡನೆಯ ಬೇಸಿನಲ್ಲಿದ್ದ ಗೋಮರ್ ಪ್ರಾಸರ್‌ನ ತಪ್ಪಾಗಬೇಕು. ಒಬ್ಬನ ಕೀರ್ತಿಗೆ ಒಂದು ಸಾಲು ಸೇರಿಸುವಾಗ ಇನ್ನೊಬ್ಬನ ಹೆಸರಿಗೆ ಏನನ್ನು ಸೇರಿಸುತ್ತಿದ್ದೀರೆಂದು ನೀವು ಯೋಚಿಸಿದಂತಿಲ್ಲ.

ಮೈದಾನದ ಬಾಗಿಲಲ್ಲಿ ನಿಲ್ಲಿಸಲಿರುವ ಕಲ್ಲಿನ ಮೇಲೆ ‘ಒಂದು ಹೊಡೆತವನ್ನೂ ಕೊಡದವನು’ ಎಂದು ಕೆತ್ತಿಸಲು ನಿಮ್ಮ ಸಮಿತಿ ನಿರ್ಧರಿಸಿದೆಯಂತೆ. ಕಾಗದದ ಮೇಲಿನ ತಪ್ಪಿಗೆ ಮುಂದಿನ ಸಂಚಿಕೆಯಿದೆ. ಕಲ್ಲಿಗೆ ಅಂಥದ್ದಿಲ್ಲ.

ಇಂತು,
ಫಿಲೀನಾ ಯೋಸ್ಟ್
(ನಿವೃತ್ತ ಶಾಲಾ ಶಿಕ್ಷಕಿ)

*

‘ಗ್ಯಾಪ್ ಸೆಂಟಿನೆಲ್’ ಕಚೇರಿ
17 ಮಾರ್ಚ್ 1934

ಪೂಜ್ಯ ಮಿಸ್ ಯೋಸ್ಟ್ ಅವರಿಗೆ,

ನನ್ನ ಪ್ರಬಂಧಗಳ ಮೇಲೆ ಕೆಂಪು ಶಾಯಿ ಸುರಿಸುತ್ತಿದ್ದ ಕೈ ಇನ್ನೂ ದಣಿದಿಲ್ಲವೆಂದು ತಿಳಿದು ಸಂತೋಷವಾಯಿತು. ಮೊದಲ ಮೂರು ತಿದ್ದುಪಡಿಗಳು ಇಂದಿನ ಸಂಚಿಕೆಯಲ್ಲಿವೆ. ನಾಲ್ಕನೆಯದರ ಬಗ್ಗೆ ನಿಮ್ಮ ಹಳೆಯ ವಿದ್ಯಾರ್ಥಿ ಒಂದೆರಡು ಮಾತು ಹೇಳಲು ಅಪ್ಪಣೆಯಾಗಲಿ.

ಅಂದು ನಾನು ಬೇಲಿಯ ಮೇಲೆ ಕುಳಿತಿದ್ದೆ. ನನ್ನ ಜೊತೆಗೆ ಅರ್ಧ ಊರು ಇತ್ತು. ಚೆಂಡು ಗೋಮರ್ ನಿಂತಿದ್ದ ಜಾಗಕ್ಕೇ ಉರುಳಿ ಬಂತು. ಗೋಮರ್ ಮಾತ್ರ ಬಲಕ್ಕೆ ಓಡಿದ್ದ. ಹಿಂತಿರುಗಿ ಕೈ ಚಾಚಿದಾಗ ಅವನ ಗ್ಲೌಸಿನ ಅಂಚಿಗೆ ತಾಗಿ ಹುಲ್ಲಿಗೆ ಹೋಯಿತು. ಕ್ಷೌರಿಕ ಲಾಬರ್ ಅವನಿಗೆ ಅವತ್ತೇ ‘ಜರಡಿ’ ಎಂದು ಹೆಸರಿಟ್ಟ. ಆ ಹೆಸರು ಇಂದಿಗೂ ಬಿಟ್ಟುಹೋಗಿಲ್ಲವೆಂಬುದು ನಿಮಗೂ ಗೊತ್ತು. ಅವನು ಈಗ ಕೆಲಸ ಮಾಡುವ ಗಣಿಯ ದೀಪದ ಕೋಣೆಯಲ್ಲಿ ದೀಪ ಪಡೆಯುವಾಗ ಹೊಸಬರೂ ಅವನನ್ನು ಹಾಗೆಯೇ ಕರೆಯುತ್ತಾರೆ. ಅವನು ಒಮ್ಮೆಯೂ ಅಲ್ಲವೆಂದಿಲ್ಲ. ತಪ್ಪು ಮಾಡಿದವನೇ ಒಪ್ಪಿಕೊಂಡ ಮೇಲೆ ನಾವು ವಾದಿಸುವುದೇಕೆ?

ಸಮಿತಿಯ ಏಳು ಜನರೂ ಒಂದೇ ಅಭಿಪ್ರಾಯಕ್ಕೆ ಬಂದಿದ್ದಾರೆ. ನಿಮ್ಮ ಪುಸ್ತಕದಲ್ಲಿ ಒಂದು ಗುರುತು ಬದಲಾದರೆ ಎಲ್ಲವೂ ಸರಿಹೋಗುತ್ತದೆಂದು ವಿನಂತಿಸಲು ನನಗೆ ಹೇಳಿದ್ದಾರೆ. ಲಾಬರ್ ಹೇಳಿದ್ದನ್ನು ಅವನ ಮಾತಿನಲ್ಲೇ ಕೊಡುತ್ತೇನೆ; ಕೋಪಿಸಬೇಡಿ: “ಟೀಚರ್ ಒಂದ್ ಗೀಟು ಅಳಿಸಿದ್ರೆ ಊರಿಗೇ ಹೆಸರು ಬರುತ್ತೆ. ರಬ್ಬರ್ ಬೇಕಾದ್ರೆ ನಾನೇ ಕೊಡ್ತೀನಿ.”

ಕಲ್ಲುಕುಟಿಗ ಜೂನ್ ಹದಿನೈದಕ್ಕೆ ಅಕ್ಷರ ಕೆತ್ತಲು ಶುರುಮಾಡುತ್ತಾನೆ. ಜುಲೈ ನಾಲ್ಕರಂದು ಕಲ್ಲಿನ ಅನಾವರಣ. ವಾಸ್ಕೊಗೆ ಆಹ್ವಾನ ಹೋಗಿದೆ, ಉತ್ತರ ಬಂದಿಲ್ಲ.

ತಮ್ಮ ವಿಧೇಯ,
ಥ್ಯಾಡಿಯಸ್ ಕ್ಲೈನ್

*

ಟ್ಯಾನರ್ಸ್ ಗ್ಯಾಪ್
2 ಏಪ್ರಿಲ್ 1934

ಪ್ರಿಯ ಇಮ್ರಿಕ್,

ನೀನು ಈರಿ ಸರೋವರದ ದಡದಲ್ಲಿ ದೋಣಿ ರಿಪೇರಿಯ ಕೆಲಸ ಮಾಡುತ್ತಿರುವೆಯೆಂದೂ ನಿನ್ನ ತಾಯಿ ನಿನ್ನೊಡನೆ ಆರೋಗ್ಯವಾಗಿರುವರೆಂದೂ ಚರ್ಚಿನಲ್ಲಿ ಕೇಳಿ ತಿಳಿದೆ. ಹದಿಮೂರರ ವಯಸ್ಸಿನಲ್ಲಿ ಒಂದು ಇಂಗ್ಲಿಷ್ ಪದವೂ ಬಾರದೆ, ಏಳು ವರ್ಷದ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕುಳಿತವನು ನೀನು. ಬರೆಯಲು ಬಲಗೈಯನ್ನು ನಿನಗೆ ಅಭ್ಯಾಸ ಮಾಡಿಸಿದವಳು ನಾನು. ಅದಕ್ಕೆ ಕ್ಷಮೆ ಕೇಳುವುದಿಲ್ಲ. ನಿನ್ನ ಅಕ್ಷರ ಚೆನ್ನಾಗಿದೆ. ಎಸೆಯಲು ಎಡಗೈಯನ್ನು ನಿನಗೇ ಬಿಟ್ಟಿದ್ದೆ.

ಇಂದು ಕ್ಷಮೆ ಕೇಳಬೇಕಾದದ್ದು ಬೇರೆ ಇದೆ. ಈ ಪತ್ರದ ಜೊತೆಗೆ ಕ್ಲೈನ್‌ನ ಲೇಖನವನ್ನೂ ಕಾಗದವನ್ನೂ ಇಟ್ಟಿದ್ದೇನೆ. ಮೊದಲು ಅವನ್ನು ಓದು.

ನನ್ನ ಮೇಜು ಮೊದಲ ಬೇಸಿನ ಹಿಂದೆ ಇರುತ್ತಿತ್ತು. ಮೊದಲ ಬೇಸಿನಲ್ಲಿ ಎದುರಾಳಿಯೊಬ್ಬ ನಿಂತನೆಂದರೆ ಬಲಗೈ ಎಸೆತಗಾರರ ಬೆನ್ನಷ್ಟೇ ನನಗೆ ಕಾಣುತ್ತಿತ್ತು. ನೀನು ಎಡಗೈಯವನು, ಅವನ ಮೇಲೆ ಕಣ್ಣಿಡಲು ನನ್ನ ಕಡೆಗೇ ಮುಖಮಾಡಿ ನಿಲ್ಲುತ್ತಿದ್ದೆ. ಮೂರು ವರ್ಷದ ಬೇಸಿಗೆಗಳಲ್ಲಿ ನಾನು ನೋಡಿದ ಆಟವೆಂದರೆ ಮುಖ್ಯವಾಗಿ ನಿನ್ನ ಮುಖ. ನನ್ನ ಪಕ್ಕದಲ್ಲಿ ನಿನ್ನ ತಾಯಿ ಮೈದಾನಕ್ಕೆ ಬೆನ್ನು ಹಾಕಿ ಕೂರುತ್ತಿದ್ದರು. ಮಗ ಎಸೆಯುವುದನ್ನು ನೋಡುವ ಧೈರ್ಯ ಅವರಿಗಿರಲಿಲ್ಲ. ಆಟವನ್ನು ಅವರು ನನ್ನ ಮುಖದಲ್ಲಿ ಓದುತ್ತಿದ್ದರು.

ಆ ಏಳನೆಯ ಇನ್ನಿಂಗ್ಸಿನಲ್ಲಿ ನೀನು ಒಬ್ಬನಿಗೆ ನಾಲ್ಕು ಕೆಟ್ಟ ಎಸೆತ ಹಾಕಿ ಮೊದಲ ಬೇಸನ್ನು ಬಿಟ್ಟುಕೊಟ್ಟೆ. ನನ್ನ ಮುಖ ಏನು ಹೇಳಿತೋ, ನಿನ್ನ ತಾಯಿ ಗಾಬರಿಯಾಗಿ ಪೆನ್ಸಿಲ್ ಹಿಡಿದಿದ್ದ ನನ್ನ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡರು. ನಾನು ಅವರ ಕಡೆಗೆ ತಿರುಗಿ, “ಅಮ್ಮಾ, ಕೈ ಬಿಡಿ, ನಾನು ಬರೀಬೇಕು” ಎಂದು ಗದರಿದೆ. ಅಷ್ಟರಲ್ಲಿ ದಾಂಡಿನ ಸದ್ದು ಕೇಳಿಸಿತು. ನಾನು ತಿರುಗುವ ಹೊತ್ತಿಗೆ ಚೆಂಡು ಬಲಗಡೆಯ ಹುಲ್ಲಿನಲ್ಲಿತ್ತು, ದಾಂಡಿಗ ಮೊದಲ ಬೇಸಿನಲ್ಲಿದ್ದ, ಗೋಮರ್ ಬರಿಗೈಯಲ್ಲಿ ನಿಂತಿದ್ದ, ಜನ ಅವನನ್ನು ಹಂಗಿಸುತ್ತಿದ್ದರು.

ಇಮ್ರಿಕ್, ನಾನು ಅದನ್ನು ನೋಡಲಿಲ್ಲ. ಆದರೂ ಹೊಡೆತವೆಂದು ಬರೆದೆ.

ನೋಡದ ತಪ್ಪನ್ನು ಯಾರ ಹೆಸರಿಗೂ ಬರೆಯಬಾರದೆಂದು ಹಾಗೆ ಮಾಡಿದೆನೆಂದು ಇಪ್ಪತ್ತೈದು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ಪಕ್ಕದಲ್ಲಿದ್ದ ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ಫಿಲೀನಾ ಯೋಸ್ಟ್ ಆಟ ನೋಡುತ್ತಿರಲಿಲ್ಲವೆಂದು ಊರಿಗೆ ಗೊತ್ತಾಗುತ್ತಿತ್ತು. ಅಷ್ಟಕ್ಕೆ ನಾನು ಹೆದರಿದೆ.

ಎಸೆಯುವ ಮುನ್ನ ನೀನು ನನ್ನ ಕಡೆಗೇ ನೋಡುತ್ತಿದ್ದೆ. ನಾನು ಮುಖ ತಿರುಗಿಸಿದ್ದು ನಿನಗೆ ಕಂಡಿರಲೇಬೇಕು. ನೀನು ಯಾರಿಗೂ ಹೇಳಲಿಲ್ಲ. ಅದಕ್ಕಾಗಿ ಇಷ್ಟು ತಡವಾಗಿ ಕೃತಜ್ಞತೆ ಹೇಳುತ್ತಿದ್ದೇನೆ. ಈಗ ಒಂದು ಪ್ರಶ್ನೆಗೆ ಉತ್ತರ ಬೇಕು: ಅದು ಗೋಮರನ ತಪ್ಪೇ? ಹೌದಾದರೆ ಪುಸ್ತಕವನ್ನು ನಾನೇ ತಿದ್ದುತ್ತೇನೆ, ಕಲ್ಲು ಕ್ಲೈನ್ ಹೇಳಿದಂತೆಯೇ ಇರಲಿ. ಅಲ್ಲವಾದರೆ ಒಬ್ಬ ನಿರಪರಾಧಿಯ ಹೆಸರನ್ನು ಶಾಶ್ವತವಾಗಿ ಕಲ್ಲಿನಲ್ಲಿ ಹಾಳುಮಾಡಲು ಹೊರಟಿದ್ದೇವೆ. ಜೂನ್ ಹದಿನೈದರ ಒಳಗೆ ನನಗೆ ತಿಳಿಯಬೇಕು.

ನಿನ್ನ ಶಿಕ್ಷಕಿ,
ಫಿಲೀನಾ ಯೋಸ್ಟ್

*

ಟ್ಯಾನರ್ಸ್ ಗ್ಯಾಪ್
7 ಮೇ 1934

ಪ್ರಿಯ ಇಮ್ರಿಕ್,

ಐದು ವಾರಗಳಾದವು. ಅಂಚೆಯವರ ತಪ್ಪಿರಬಹುದೆಂದು ಭಾವಿಸಿ ನನ್ನ ಪತ್ರದ ಪ್ರತಿಯನ್ನು ಮತ್ತೆ ಕಳಿಸುತ್ತಿದ್ದೇನೆ. ತಪ್ಪು ಅಂಚೆಯವರದ್ದಲ್ಲವಾದರೆ, ಉತ್ತರ ಎಷ್ಟೇ ಕಠಿಣವಾಗಿರಲಿ, ಅದನ್ನು ಕೇಳುವ ವಯಸ್ಸು ನನಗಾಗಿದೆ.

ಫಿ. ಯೋಸ್ಟ್

*

ಈರಿ
19 ಮೇ 1934

ಗೌರವಾನ್ವಿತ ಮಿಸ್ ಯೋಸ್ಟ್ ಅವರಿಗೆ,

ಅಂಚೆಯವರ ತಪ್ಪಲ್ಲ. ಐದು ಪತ್ರಗಳನ್ನು ಬರೆಯಲು ತೊಡಗಿ ಐದನ್ನೂ ಒಲೆಗೆ ಹಾಕಿದೆ. ಈ ಉತ್ತರದಿಂದ ನಾನೊಂದು ಆಣೆಯನ್ನು ಮುರಿಯುತ್ತಿದ್ದೇನೆ. ಅದು ಸರಿಯೋ ತಪ್ಪೋ ನನಗೆ ತಿಳಿಯದು.

ಹೌದು, ನೀವು ತಿರುಗಿದ್ದನ್ನು ನೋಡಿದ್ದೆ. ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ನಕ್ಕು, “ಟೀಚರಮ್ಮನ ಕೈ ಎಷ್ಟು ತಣ್ಣಗಿತ್ತು ಗೊತ್ತಾ? ನನಗಿಂತ ಅವರೇ ಜಾಸ್ತಿ ಹೆದರಿದ್ರು” ಎಂದರು. ನಿಮಗೆ ತಮ್ಮ ನಮಸ್ಕಾರ ತಿಳಿಸಲು ಹೇಳಿದ್ದಾರೆ.

ಅದು ಗೋಮರನ ತಪ್ಪಲ್ಲ. ಚೆಂಡು ನೆಲಕ್ಕೊಮ್ಮೆ ಬಡಿದು ನನ್ನ ಎಡಗಡೆಯಿಂದ ಹಾದುಹೋಗುತ್ತಿತ್ತು. ಗ್ಲೌಸು ನನ್ನ ಬಲಗೈಯಲ್ಲಿತ್ತು. ಎಸೆಯುವ ಕೈಯನ್ನು ಚೆಂಡಿಗೆ ಅಡ್ಡ ಹಿಡಿಯಬಾರದೆಂಬುದು ಈ ಆಟದಲ್ಲಿ ಮೊದಲ ದಿನ ಕಲಿಸುವ ಪಾಠ. ಇನ್ನೆರಡು ಇನ್ನಿಂಗ್ಸ್ ದಾಟಿದರೆ ಒಂದು ಹೊಡೆತವನ್ನೂ ಕೊಡದ ಪಂದ್ಯವಾಗುತ್ತದೆಂಬ ಆಸೆಯಲ್ಲಿ ನಾನು ಆ ಪಾಠವನ್ನು ಮರೆತು ಬರಿಗೈ ಚಾಚಿದೆ. ಚೆಂಡು ನಡುಬೆರಳಿನ ತುದಿಗೆ ಬಡಿಯಿತು. ಗೋಮರ್ ಚೆಂಡು ಬರುತ್ತಿದ್ದ ದಾರಿಯನ್ನು ಸರಿಯಾಗಿಯೇ ಅಂದಾಜು ಮಾಡಿ ಬಲಕ್ಕೆ ಓಡಿದ್ದ. ನನ್ನ ಬೆರಳಿಗೆ ತಾಗಿ ಅದು ದಿಕ್ಕು ಬದಲಿಸಿ ಅವನು ಬಿಟ್ಟುಬಂದ ಜಾಗಕ್ಕೆ ಹೋಯಿತು. ಏಳು ಇನ್ನಿಂಗ್ಸ್ ಆಡಿ ಕಪ್ಪಾಗಿದ್ದ ಚೆಂಡು. ಅದು ನನಗೆ ತಾಗಿದ್ದು ಬೇಲಿಯ ಮೇಲಿದ್ದ ಯಾರಿಗೂ ಕಾಣಲಿಲ್ಲ. ಗೋಮರನಿಗೆ ಮಾತ್ರ ಕಂಡಿತ್ತು.

ಜನ ಕೂಗುತ್ತಿದ್ದಾಗ ಅವನು ಚೆಂಡನ್ನು ಕೊಡುವ ನೆಪದಲ್ಲಿ ನನ್ನ ಬಳಿಗೆ ಬಂದ.

“ಬೆರಳು ತೋರ್ಸು,” ಅಂದ.

“ಮುರಿದಿದೆ ಕಣೋ.”

“ಗ್ಲೌಸಿನೊಳಗೆ ಇಟ್ಕೊ. ಆ ಹುಲ್ಲು ಟೋಪಿಯವನು ಇಲ್ಲೇ ನೋಡ್ತಿದಾನೆ. ಯಾರಾದ್ರೂ ಕೇಳಿದ್ರೆ ಗೋಮರ್ ಬಿಟ್ಟ ಅನ್ನು.”

ಹುಲ್ಲು ಟೋಪಿಯವನೆಂದರೆ ದೊಡ್ಡ ಲೀಗಿನಿಂದ ಆಟಗಾರರನ್ನು ಆರಿಸಲು ಬಂದಿದ್ದವನು. ಬೆರಳು ಮುರಿದ ಎಡಗೈಯನ್ನು ಯಾರೂ ಆರಿಸುವುದಿಲ್ಲ. ಊರವರು ನಿನ್ನನ್ನು ಸುಮ್ಮನೆ ಬಿಡುವುದಿಲ್ಲವೆಂದು ನಾನು ಹೇಳಿದೆ.

“ನನ್ನ ನೋಡೋಕೆ ಯಾರೂ ರೈಲು ಹತ್ತಿ ಬಂದಿಲ್ವಲ್ಲ,” ಅಂದ. “ಎಸಿ ಈಗ. ಆಮೇಲೆ ಎಂದಿಗೂ ಬಾಯಿ ಬಿಡಲ್ಲ ಅಂತ ನಿಮ್ಮಮ್ಮನ ಮೇಲೆ ಆಣೆ ಮಾಡು.”

ಆಣೆ ಮಾಡಿದೆ. ಉಳಿದದ್ದನ್ನು ಎರಡೇ ಬೆರಳಿನಲ್ಲಿ ಎಸೆದು ಮುಗಿಸಿದೆ. ಸೋಮವಾರ ಬಲಗೈಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿದೆ. ನೀವು ಕಲಿಸಿದ ಅಕ್ಷರದಲ್ಲಿ. ಎಡಗೈ ಜೇಬಿನಲ್ಲಿತ್ತು. ವಸಂತದಲ್ಲಿ ಬಂದು ಸೇರಿಕೊಳ್ಳಲು ಹೇಳಿದರು. ಚಳಿಗಾಲ ಕಳೆಯುವಷ್ಟರಲ್ಲಿ ಬೆರಳು ಸೊಟ್ಟಗೆ ಕೂಡಿಕೊಂಡಿತ್ತು. ಆ ಸೊಟ್ಟ ಬೆರಳಿನಿಂದ ಬಿಟ್ಟ ಚೆಂಡು ದಾಂಡಿಗನ ಮುಂದೆ ನೆಲ ಕುಸಿದಂತೆ ಕೆಳಗಿಳಿಯುತ್ತಿತ್ತು. ಹಾಗೆ ಎಸೆಯಲು ಯಾರೂ ನನಗೆ ಕಲಿಸಿರಲಿಲ್ಲ, ಯಾರಿಗೂ ನಾನು ಕಲಿಸಲಾಗಲಿಲ್ಲ. ಹನ್ನೊಂದು ವರ್ಷದ ಅನ್ನ ಅದರದ್ದೇ. ಪತ್ರಿಕೆಗಳವರು ಆ ಎಸೆತಕ್ಕೆ ಏನೇನೋ ಹೆಸರಿಟ್ಟರು. ನಾನು ಮನಸ್ಸಿನಲ್ಲಿ ಅದನ್ನು ಗೋಮರ್ ಎಂದೇ ಕರೆಯುತ್ತಿದ್ದೆ.

ಪ್ರತಿ ಕ್ರಿಸ್ಮಸ್‌ಗೂ ಅವನಿಗೆ ಬರೆದು, ಇನ್ನು ಹೇಳಿಬಿಡಲೇ ಎಂದು ಕೇಳುತ್ತೇನೆ. ಅವನ ಉತ್ತರ ಒಂದೇ ಸಾಲು: ‘ಬಾಯಿ ಮುಚ್ಚಿಕೊಂಡಿರು, ಅಮ್ಮನಿಗೆ ನಮಸ್ಕಾರ.’

ಎಸೆತಗಾರನ ಕೈಗೆ ತಾಗಿ ದಿಕ್ಕು ಬದಲಿಸಿದ ಚೆಂಡನ್ನು ಹೊಡೆತವೆಂದೇ ಬರೆಯಬೇಕು. ಅಂದರೆ ನೀವು ಬರೆದದ್ದು ಸರಿ. ಮರುವಾರ ಅದನ್ನು ತಿಳಿದಾಗ, ಬೆನ್ನು ತಿರುಗಿಸಿಯೂ ಮಿಸ್ ಯೋಸ್ಟ್‌ಗೆ ಹೇಗೆ ಕಂಡಿತೆಂದು ನಾನು ಬೆರಗಾಗಿದ್ದೆ. ನಾನು ಬಾಯಿ ಮುಚ್ಚಿಕೊಂಡಿದ್ದ ಊರಿನಲ್ಲಿ ಅವನ ಪರವಾಗಿ ಇದ್ದದ್ದು ನಿಮ್ಮ ಆ ಒಂದು ಗುರುತು ಮಾತ್ರ. ಅದಕ್ಕಾಗಿ ನಿಮಗೆ ಎಷ್ಟು ಋಣಿಯೆಂದು ಈ ಬಲಗೈಗೂ ಬರೆಯಲು ಬರುವುದಿಲ್ಲ.

ನಾನೇನು ಮಾಡಬೇಕು? ಹೇಳಿದರೆ ಅವನಿಗೆ ಕೊಟ್ಟ ಮಾತು ಹೋಗುತ್ತದೆ. ಹೇಳದಿದ್ದರೆ ಕಲ್ಲು ಏಳುತ್ತದೆ.

ನಿಮ್ಮ ವಿದ್ಯಾರ್ಥಿ,
ಇಮ್ರಿಕ್ ವಾಸ್ಕೊ

*

ಟ್ಯಾನರ್ಸ್ ಗ್ಯಾಪ್
4 ಜೂನ್ 1934

ಪ್ರಿಯ ಇಮ್ರಿಕ್,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಎರಡು ಕಾಗುಣಿತದ ತಪ್ಪುಗಳಿದ್ದವು. ಅವನ್ನು ನಾನು ತಿದ್ದಲಿಲ್ಲ. ಇಷ್ಟರಿಂದಲೇ ಆ ಪತ್ರ ನನಗೆ ಏನು ಮಾಡಿತೆಂದು ನೀನು ಊಹಿಸಿಕೊಳ್ಳಬಹುದು.

ಶುಕ್ರವಾರ ಮಧ್ಯಾಹ್ನ ಗಣಿಯ ದೀಪದ ಕೋಣೆಗೆ ಹೋದೆ. ಪಾಳಿ ಬದಲಾಗುವ ಹೊತ್ತು. ಗಣಿಗಾರರು ಕಿಟಕಿಯಲ್ಲಿ ಹಿತ್ತಾಳೆಯ ಬಿಲ್ಲೆ ಕೊಟ್ಟು ತಮ್ಮ ದೀಪ ತೆಗೆದುಕೊಂಡು ಹೋಗುತ್ತಿದ್ದರು. ಒಬ್ಬ, “ಜರಡಿಯಣ್ಣ, ನನ್ನ ದೀಪ ಸೋರ್ತಿಲ್ಲ ತಾನೇ?” ಎಂದ. ಗೋಮರ್, “ಸೋರಿದ್ರೆ ನಿನ್ನ ತಲೆಗಿಂತ ಕಮ್ಮಿನೇ ಸೋರುತ್ತೆ” ಎಂದು ದೀಪ ಕೊಟ್ಟ. ಅವನಿಗೆ ಕೆಮ್ಮು ಜಾಸ್ತಿಯಾಗಿದೆ. ನನ್ನನ್ನು ಕಂಡು ಟೋಪಿ ತೆಗೆದು ತನ್ನ ಸ್ಟೂಲನ್ನು ಒರೆಸಿ ಕೊಟ್ಟ.

ನಿನ್ನ ಪತ್ರ ಬಂದಿದೆಯೆಂದೂ ನನಗೆ ಎಲ್ಲವೂ ತಿಳಿಯಿತೆಂದೂ ಹೇಳಿದೆ. ನಿನ್ನ ಮೇಲೆ ಕೋಪಗೊಳ್ಳುವನೆಂದುಕೊಂಡಿದ್ದೆ. ಅವನು ಮೊದಲು ಕೇಳಿದ್ದು ನಿನ್ನ ಬೆರಳಿಗೆ ಚಳಿಯಲ್ಲಿ ನೋವಾಗುತ್ತದೆಯೇ ಎಂದು. ಆಮೇಲೆ ನನ್ನ ಕಡೆ ತಿರುಗಿ, “ನಿಮಗೆ ಅವತ್ತೇ ಗೊತ್ತಿತ್ತಲ್ಲ ಟೀಚರ್,” ಅಂದ. “ಊರೆಲ್ಲ ಜರಡಿ ಅಂದ್ರೂ ನನಗೇನೂ ಅನಿಸ್ತಿರ್ಲಿಲ್ಲ. ಒಬ್ರು ನೋಡಿದಾರೆ, ಪುಸ್ತಕದಲ್ಲಿ ಬರೆದಿದಾರೆ, ಅಷ್ಟು ಸಾಕು ಅಂದ್ಕೊಂಡಿದ್ದೆ.”

ಇಪ್ಪತ್ತೈದು ವರ್ಷ ಅವನು ಆತುಕೊಂಡಿದ್ದದ್ದು ಆ ಒಂದು ನಂಬಿಕೆಗೆ. ಅದನ್ನು ಹಾಗೆಯೇ ಬಿಟ್ಟು ಎದ್ದು ಬರಬಹುದಿತ್ತು. ನನ್ನ ಮರ್ಯಾದೆಯೂ ಉಳಿಯುತ್ತಿತ್ತು, ಅವನ ಸಮಾಧಾನವೂ ಉಳಿಯುತ್ತಿತ್ತು. ಹಾಗೆ ಮಾಡಬೇಕೆಂದು ನನಗೆ ಬಹಳ ಅನ್ನಿಸಿತು.

“ನಾನು ನೋಡಿರಲಿಲ್ಲ, ಗೋಮರ್,” ಎಂದೆ.

ಕಿಟಕಿಗೆ ಮೂವರು ಬಂದರು. ಮೂವರಿಗೂ ದೀಪ ಕೊಟ್ಟ. ನಾಲ್ಕನೆಯವನು ಬರಲಿಲ್ಲ.

“ಮತ್ತೆ ಯಾಕೆ ಹಾಗೆ ಬರೆದ್ರಿ?”

“ನೋಡಲಿಲ್ಲ ಅಂತ ಒಪ್ಪಿಕೊಳ್ಳೋಕೆ ನಾಚಿಕೆ ಆಯ್ತು.”

ಅವನು ನನ್ನನ್ನೇ ನೋಡಿದ. ಆಮೇಲೆ ನಗತೊಡಗಿದ, ನಕ್ಕು ನಕ್ಕು ಕೆಮ್ಮು ಬಂದು ಗೋಡೆ ಹಿಡಿದುಕೊಂಡ. “ಅಯ್ಯೋ ಟೀಚರ್. ನಾನು ನನ್ನ ಸುಳ್ಳು ಕಾಪಾಡ್ಕೊಂಡೆ, ನೀವು ನಿಮ್ಮ ಸುಳ್ಳು ಕಾಪಾಡ್ಕೊಂಡ್ರಿ. ಪುಸ್ತಕದಲ್ಲಿ ಮಾತ್ರ ನಿಜ ಬಿದ್ದಿದೆ.”

ನಾನೂ ನಕ್ಕೆನೆಂದು ಹೇಳಿದರೆ ನೀನು ನಂಬಲಾರೆ.

ಕಲ್ಲಿನ ವಿಷಯ ಅವನಿಗೆ ಗೊತ್ತು. ತನಗಾಗಿ ಅದನ್ನು ನಿಲ್ಲಿಸಬೇಡಿ ಎಂದ. ನಾನು ಒಪ್ಪಲಿಲ್ಲ. ಕಡೆಗೆ ಬೇರೆ ಮಾತು ಬಂತು. ಅವನ ಮಗಳು ನೆಸ್ಟಾ ಎಂಟು ವರ್ಷದವಳಿದ್ದಾಗ ಮೈದಾನದಿಂದ ಅಳುತ್ತಾ ಬಂದಿದ್ದಳಂತೆ. ‘ಜರಡಿಯ ಮಗಳು’ ಎಂದು ಯಾರೋ ಅಂದಿದ್ದರು. ಅಪ್ಪ, ನೀನು ನಿಜವಾಗಲೂ ಚೆಂಡು ಬಿಟ್ಟೆಯಾ ಎಂದು ಕೇಳಿದಳು. ಹೌದೆಂದ. ಆಮೇಲೆ ಅವಳು ಮತ್ತೆ ಕೇಳಲಿಲ್ಲ. ಮೈದಾನದ ಕಡೆಗೂ ಹೋಗಲಿಲ್ಲ. “ಅದೊಂದು ಹೇಳಬಾರದಿತ್ತು,” ಎಂದ. “ಬೇರೆ ಯಾರಿಗೆ ಹೇಳಿದ್ದಕ್ಕೂ ನನಗೆ ಬೇಸರ ಇಲ್ಲ.”

ನಿನ್ನ ಆಣೆಯ ಬಗ್ಗೆ ಕೇಳಿದೆ. “ಅವನ ಬಾಯಿ, ಅವನಿಷ್ಟ” ಎಂದ. ಇದನ್ನು ಬಿಡುಗಡೆಯೆಂದು ನಾನು ಅರ್ಥಮಾಡಿಕೊಂಡಿದ್ದೇನೆ. ಅವನು ಮಾತ್ರ ಬರುವುದಿಲ್ಲವಂತೆ.

ನೀನು ಬಾ. ನಿನ್ನ ಭಾಗವನ್ನು ನಿನ್ನ ಬಾಯಿಂದ ಹೇಳು. ನನ್ನದನ್ನು ನಾನು ಹೇಳುತ್ತೇನೆ.

ನಿನ್ನ ಶಿಕ್ಷಕಿ,
ಫಿಲೀನಾ ಯೋಸ್ಟ್

*

ಈರಿ
11 ಜೂನ್ 1934

ಮಿಸ್ ಯೋಸ್ಟ್ ಅವರಿಗೆ,

ಬರುತ್ತೇನೆ. ಅಮ್ಮನೂ ಬರುತ್ತಾರೆ. ಬೇಡವೆಂದರೆ ಕೇಳುತ್ತಿಲ್ಲ.

ಇಮ್ರಿಕ್

*

ಟ್ಯಾನರ್ಸ್ ಗ್ಯಾಪ್
13 ಜೂನ್ 1934

ಶ್ರೀ ಕ್ಲೈನ್ ಅವರಿಗೆ,

ಕಲ್ಲುಕುಟಿಗನಿಗೆ ಈ ಬರಹವನ್ನು ಕೊಡಿ: ‘ಇಮ್ರಿಕ್ ವಾಸ್ಕೊ, ಎಡಗೈ ಎಸೆತಗಾರ. 14 ಆಗಸ್ಟ್ 1909, ಒಂದು ಹೊಡೆತ.’ ಅದರ ಕೆಳಗೆ ಅಂದು ಆಡಿದ ಉಳಿದ ಎಂಟು ಜನರ ಹೆಸರು ಬರಬೇಕು, ಪಟ್ಟಿಯನ್ನು ಲಗತ್ತಿಸಿದ್ದೇನೆ. ಇದು ವಾಸ್ಕೊನ ಇಚ್ಛೆಯೂ ಹೌದು. ಈ ಮಾತುಗಳನ್ನಲ್ಲದೆ ಬೇರೆ ಏನನ್ನು ಕೆತ್ತಿದರೂ ಅವನು ಅನಾವರಣಕ್ಕೆ ಬರುವುದಿಲ್ಲ. ಕಾರಣವನ್ನು ಜುಲೈ ನಾಲ್ಕರಂದು ಎಲ್ಲರ ಮುಂದೆ ಹೇಳುತ್ತೇವೆ. ಅಲ್ಲಿಯವರೆಗೆ ರಬ್ಬರನ್ನು ಲಾಬರ್ ತಾನೇ ಇಟ್ಟುಕೊಳ್ಳಲಿ.

ಫಿಲೀನಾ ಯೋಸ್ಟ್

*

ಟ್ಯಾನರ್ಸ್ ಗ್ಯಾಪ್
6 ಜುಲೈ 1934

ಶ್ರೀ ಕ್ಲೈನ್ ಅವರಿಗೆ,

ಕೌಂಟಿಯ ಸ್ವಾತಂತ್ರ್ಯೋತ್ಸವದ ಮೆರವಣಿಗೆಗೆ ಪತ್ರಿಕೆಯವರು ನಿಮ್ಮನ್ನು ಕಳಿಸಿದ್ದರಿಂದ ಮೈದಾನದ ಸಮಾರಂಭದ ವರದಿಯನ್ನು ನನ್ನಿಂದ ಕೇಳಿದ್ದೀರಿ. ಅಂದಿನಿಂದಲೇ ಊರಿನಲ್ಲಿ ಅದು ನಾಲ್ಕು ಬಗೆಯಾಗಿ ಹೇಳಲ್ಪಡುತ್ತಿರುವುದರಿಂದ ಒಪ್ಪಿಕೊಂಡೆ. ವಿಶೇಷಣಗಳನ್ನು ಸೇರಿಸದೆ ಅಚ್ಚುಮಾಡಬೇಕಾಗಿ ಕೋರಿಕೆ.

ಮಧ್ಯಾಹ್ನ ಮೂರಕ್ಕೆ ಕಲ್ಲಿನ ಮೇಲಿನ ಬಟ್ಟೆಯನ್ನು ಶ್ರೀಮತಿ ವಾಸ್ಕೊ ತೆಗೆದರು. ‘ಒಂದು ಹೊಡೆತ’ ಎಂಬುದನ್ನು ಓದಿ ಜನರಲ್ಲಿ ಗುಸುಗುಸು ಶುರುವಾಯಿತು. ಯಾರೋ, “ಟೀಚರ್ ಗೆದ್ರು” ಎಂದರು. ಗೆದ್ದವಳು ನಾನಲ್ಲವೆಂದು ತಿಳಿಸಲು ನಾನು ಮೊದಲು ಎದ್ದೆ. ಆ ಹೊಡೆತವನ್ನು ನಾನು ಕಣ್ಣಿನಿಂದ ನೋಡದೆ ಬರೆದೆನೆಂದೂ, ಕೇಳಿ ತಿಳಿಯಲು ಅಹಂಕಾರ ಅಡ್ಡಬಂತೆಂದೂ ಹೇಳಿದೆ. ನಲವತ್ತೊಂದು ವರ್ಷ ಈ ಊರಿನ ಮಕ್ಕಳ ತಪ್ಪುಗಳನ್ನು ಎಣಿಸಿದವಳ ಬಾಯಿಂದ ಅದನ್ನು ಕೇಳಿ ಯಾರೂ ನಗಲಿಲ್ಲ. ಆ ದಾಕ್ಷಿಣ್ಯಕ್ಕೆ ನಾನು ಊರಿಗೆ ಕೃತಜ್ಞಳು.

ಆಮೇಲೆ ವಾಸ್ಕೊ ಎದ್ದು ಎಡಗೈಯನ್ನು ಎತ್ತಿ ಹಿಡಿದ. ಆ ಸೊಟ್ಟ ಬೆರಳಿನ ಬಗ್ಗೆ ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದರು. ಅದು ಎಲ್ಲಿ, ಯಾವ ಚೆಂಡಿಗೆ, ಏಕೆ ಮುರಿಯಿತೆಂದು ಅವನು ಹೇಳಿದ. ಅಂದು ಗೋಮರ್ ತನ್ನ ಬಳಿಗೆ ಬಂದು ಏನು ಹೇಳಿದನೆಂಬುದನ್ನೂ ಹೇಳಿದ. “ನನ್ನ ಆಟ ಚೆನ್ನಾಗಿತ್ತು ಅಂತ ನೀವೆಲ್ಲ ಹೊಗಳ್ತೀರ. ಅದು ಗೋಮರ್ ನನಗೆ ಕೊಟ್ಟಿದ್ದು. ಅವನಿಗೆ ನಾವು ಕೊಟ್ಟಿದ್ದು ಒಂದು ಅಡ್ಡಹೆಸರು” ಎಂದು ಕುಳಿತುಬಿಟ್ಟ. ಭಾಷಣ ಅಷ್ಟೇ.

ಆಗ ಬಲಗಡೆಯ ಬೇಲಿಯ ಬಳಿ ಗೋಮರ್ ಪ್ರಾಸರ್ ನಿಂತಿದ್ದ. ನೆಸ್ಟಾ ಅವನ ತೋಳನ್ನು ಹಿಡಿದಿದ್ದಳು. ಯಾರು ಯಾರನ್ನು ಕರೆತಂದರು, ಎಷ್ಟು ಹೊತ್ತಿನಿಂದ ನಿಂತಿದ್ದರು ಎಂಬುದನ್ನು ನಾನು ನೋಡಲಿಲ್ಲ, ಆದ್ದರಿಂದ ಬರೆಯುವುದಿಲ್ಲ. ನೆಸ್ಟಾ ಅಪ್ಪನ ಮುಖವನ್ನು ನೋಡುತ್ತಾ ನಿಂತದ್ದನ್ನು ಮಾತ್ರ ನೋಡಿದೆ. “ನನಗ್ಯಾಕೆ ಹೇಳ್ಲಿಲ್ಲ ಅಪ್ಪ?” ಎಂದಳು. ಅವಳು ಅವನ ಕೋಟಿನ ತೋಳಿನಲ್ಲಿ ಮುಖ ಮುಚ್ಚಿಕೊಂಡಳು.

ಕುಳಿತಿದ್ದ ಜನರಲ್ಲಿ ಮೊದಲು ಎದ್ದವನು ಲಾಬರ್. ಟೋಪಿಯನ್ನು ತೆಗೆದು ಎದೆಗೆ ಹಿಡಿದು ಬೇಲಿಯ ಕಡೆಗೆ ತಿರುಗಿ ನಿಂತ. ಒಬ್ಬೊಬ್ಬರಾಗಿ ಎಲ್ಲ ಗಂಡಸರೂ ಹಾಗೆಯೇ ಮಾಡಿದರು. ಗಣಿಯ ಬಾಯಿಯಲ್ಲಿ ನಮ್ಮವರು ಹಾಗೆ ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. ಬದುಕಿರುವವನಿಗಾಗಿ ನಿಂತದ್ದನ್ನು ನಾನು ಕಂಡದ್ದು ಇದೇ ಮೊದಲು.

ಗೋಮರ್ ಬಹಳ ಹೊತ್ತು ಸಹಿಸಿಕೊಂಡ. ಕಡೆಗೆ, “ಟೋಪಿ ಹಾಕ್ಕೊಳ್ರೋ, ಬಿಸಿಲು ಹೊಡೀತಿದೆ” ಎಂದ.

ವಾಸ್ಕೊ ಅವನ ಬಳಿಗೆ ಹೋದ. ಅವರು ಆಡಿಕೊಂಡ ಮಾತು ನನಗೆ ಕೇಳಿಸಲಿಲ್ಲ. ಇಬ್ಬರೂ ಮೈದಾನದೊಳಗೆ ನಡೆದು ಬಂದರು. ನಾನು ಅವರ ಮೇಲಿಂದ ಕಣ್ಣು ಕೀಳಲಿಲ್ಲ.

ನನ್ನ ಆಯುಷ್ಯದಲ್ಲಿ ಇಂಥ ಒಂದು ಮಧ್ಯಾಹ್ನ ಉಳಿದಿತ್ತೆಂಬುದಕ್ಕೆ ದೇವರಿಗೆ ವಂದಿಸುತ್ತೇನೆ. ಈ ಕೊನೆಯ ವಾಕ್ಯವನ್ನು ಬೇಕಾದರೆ ಕೈಬಿಡಿ. ಸಹಿಯ ಕೆಳಗೆ, ಆ ಪಂದ್ಯಕ್ಕೆ ಸಂಬಂಧಪಟ್ಟವರಲ್ಲಿ ಬಂದವರ ಪಟ್ಟಿಯಿದೆ. ಅದರಿಂದ ಒಂದು ಹೆಸರನ್ನೂ ಕೈಬಿಡಬೇಡಿ.

ಇಂತು,
ಫಿಲೀನಾ ಯೋಸ್ಟ್

1934ರ ಜುಲೈ ನಾಲ್ಕರಂದು ಮೈದಾನದಲ್ಲಿದ್ದವರು:

ಶ್ರೀಮತಿ ಜುಜಾನಾ ವಾಸ್ಕೊ, ಮೈದಾನಕ್ಕೆ ಮುಖಮಾಡಿ.
ಎಡ್ವಿನ್ ಲಾಬರ್, ಕ್ಷೌರಿಕ, ಸಮಿತಿಯ ಪರವಾಗಿ.
ಫಿಲೀನಾ ಯೋಸ್ಟ್, ಸ್ಕೋರ್ ಪುಸ್ತಕ.
ನೆಸ್ಟಾ ಪ್ರಾಸರ್, ಟೆಲಿಫೋನ್ ಕಚೇರಿ.
1909ರ ತಂಡದವರಲ್ಲಿ ಈಗ ಉಳಿದಿರುವವರು:
ಹಾರ್ವಿ ಡಂಕಲ್‌ಬರ್ಗರ್, ಮೊದಲ ಬೇಸ್.
ಯಾನ್ ಕುಬಿಕ್, ಎಡ ಮೈದಾನ.
ಇಮ್ರಿಕ್ ವಾಸ್ಕೊ, ಎಸೆತಗಾರ.
ಗೋಮರ್ ಪ್ರಾಸರ್, ಎರಡನೆಯ ಬೇಸ್.